ವೇಲ್ಸ್‌ನ ಪ್ರಾದೇಶಿಕ ಅಮೆಚೂರ್ ಫುಟ್‌ಬಾಲ್ ಕಪ್‌ಗಳು

ವೇಲ್ಸ್‌ನ ಹಳ್ಳಿ, ಪೇಟೆ, ಗಣಿ ಕೇರಿಗಳ ಹವ್ಯಾಸಿ ಫುಟ್‌ಬಾಲ್ ಕ್ಲಬ್‌ಗಳಿಗಾಗಿ ಆಯಾ ಪ್ರದೇಶದ ಫುಟ್‌ಬಾಲ್ ಸಂಘಗಳು ವರ್ಷಕ್ಕೊಮ್ಮೆ ನಡೆಸುವ ನಾಕೌಟ್ ಟೂರ್ನಿಗಳು. ಒಮ್ಮೆ ಸೋತರೆ ಆ ವರ್ಷದ ಮಟ್ಟಿಗೆ ಆಟ ಮುಗಿಯಿತು. ಗೆದ್ದ ತಂಡ ಮುಂದಿನ ಸುತ್ತಿಗೆ ಹೋಗುತ್ತದೆ. ಉತ್ತರ ಕರಾವಳಿ, ಈಶಾನ್ಯ, ಮಧ್ಯ, ಪಶ್ಚಿಮ, ದಕ್ಷಿಣ ಮತ್ತು ಗ್ವೆಂಟ್ ಎಂದು ದೇಶವನ್ನು ಆರು ಪಾಲು ಮಾಡಿಕೊಂಡ ಆರು ಸಂಘಗಳಿವೆ. ಪ್ರತಿ ಸಂಘದ ಕಪಾಟಿನಲ್ಲೂ ಒಂದಕ್ಕಿಂತ ಹೆಚ್ಚು ಕಪ್‌ಗಳಿವೆ. ಇವುಗಳ ಮೇಲೆ, ಇಡೀ ದೇಶದ ಸಣ್ಣ ಕ್ಲಬ್‌ಗಳನ್ನು ಒಂದೇ ಪಂದ್ಯಪಟ್ಟಿಗೆ ತರುವ ವೆಲ್ಷ್ ಅಮೆಚೂರ್ ಕಪ್ 1890–91ರಲ್ಲಿ ಹುಟ್ಟಿತು. ಹೆಸರು ಬದಲಾದರೂ ಅದು ಇಂದಿಗೂ ನಡೆಯುತ್ತಿದೆ.

ಫುಟ್‌ಬಾಲ್ ಎಂದೊಡನೆ ಲೀಗ್ ಪಟ್ಟಿಯನ್ನು ನೆನೆಯುವ ಇಂದಿನ ಓದುಗರಿಗೆ ವೇಲ್ಸ್‌ನ ಚರಿತ್ರೆ ತಿರುವುಮುರುವಾಗಿ ಕಾಣಬಹುದು. ಅಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ಸಂಘ ಸ್ಥಾಪನೆಯಾದದ್ದು 1876ರಲ್ಲಿ. ಇಡೀ ದೇಶಕ್ಕೆ ಒಂದೇ ಲೀಗ್ ಬಂದದ್ದು 1992ರಲ್ಲಿ. ನಡುವಿನ 116 ವರ್ಷಗಳಲ್ಲಿ ಲೀಗ್‌ಗಳು ಕಣಿವೆಗೊಂದು, ಕರಾವಳಿಗೊಂದು ಎಂಬಂತೆ ಚದುರಿದ್ದವು. ಬೇರೆ ಬೇರೆ ಲೀಗ್‌ಗಳಲ್ಲಿ ಆಡುವ ಊರುಗಳು ಪಣಕ್ಕಾಗಿ ಎದುರುಬದುರಾಗಲು ಇದ್ದ ಮುಖ್ಯ ದಾರಿ ಕಪ್ ಟೂರ್ನಿ. ವೇಲ್ಸ್‌ನ ಸಣ್ಣ ಕ್ಲಬ್‌ಗಳ ಬದುಕಿನಲ್ಲಿ ಪ್ರಾದೇಶಿಕ ಕಪ್‌ಗಿರುವ ತೂಕಕ್ಕೆ ಇದೇ ಮೂಲ ಕಾರಣ.

ನೆಲ ಮತ್ತು ದಾರಿ

ವೇಲ್ಸ್ ಚಿಕ್ಕ ದೇಶ. ವಿಸ್ತೀರ್ಣ ಸುಮಾರು 20,800 ಚದರ ಕಿಲೋಮೀಟರ್; 2021ರ ಜನಗಣತಿಯಂತೆ ಜನಸಂಖ್ಯೆ 31 ಲಕ್ಷಕ್ಕೆ ತುಸು ಹೆಚ್ಚು. ಆದರೆ ಈ ಚಿಕ್ಕ ದೇಶದ ನಡುಭಾಗವೆಲ್ಲ ಗುಡ್ಡಗಾಡು. ಜನ ನೆಲೆಸಿದ್ದು ಮುಖ್ಯವಾಗಿ ಅಂಚುಗಳಲ್ಲಿ: ದಕ್ಷಿಣದ ಕಲ್ಲಿದ್ದಲ ಕಣಿವೆಗಳು ಮತ್ತು ಅವುಗಳ ಬಾಯಲ್ಲಿರುವ ಕಾರ್ಡಿಫ್, ನ್ಯೂಪೋರ್ಟ್, ಸ್ವಾನ್ಸಿ ಬಂದರುಗಳು, ಈಶಾನ್ಯದಲ್ಲಿ ರೆಕ್ಸಮ್ ಸುತ್ತಲಿನ ಗಣಿ ಊರುಗಳು, ವಾಯವ್ಯದಲ್ಲಿ ಸ್ಲೇಟು ಕಲ್ಲಿನ ಕ್ವಾರಿಗಳು ಮತ್ತು ಉತ್ತರ ಕಡಲ ದಂಡೆಯ ಪ್ರವಾಸಿ ಪೇಟೆಗಳು. ಕಾರ್ಡಿಫ್‌ನಿಂದ ಉತ್ತರ ದಂಡೆಯ ಲ್ಯಾನ್‌ಡಿಡ್ನೋಗೆ ಹೋಗುವ ಎ470 ರಸ್ತೆ ಸುಮಾರು 300 ಕಿಲೋಮೀಟರ್ ಉದ್ದ. ಅದರ ಬಹುಪಾಲು ಬೆಟ್ಟಗಳ ನಡುವೆ ಸುತ್ತಿ ಬಳಸಿ ಸಾಗುತ್ತದೆ. ರೈಲಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುವವರು ಸಾಮಾನ್ಯವಾಗಿ ಗಡಿ ದಾಟಿ, ಇಂಗ್ಲೆಂಡಿನ ಶ್ರೂಸ್‌ಬರಿ ಮುಟ್ಟಿ, ಮತ್ತೆ ವೇಲ್ಸ್‌ಗೆ ಬರಬೇಕು.

ವಾರವಿಡೀ ಗಣಿಯಲ್ಲೋ ಅಂಗಡಿಯಲ್ಲೋ ದುಡಿದು ಶನಿವಾರ ಮಧ್ಯಾಹ್ನ ಮಾತ್ರ ಬಿಡುವಾಗುವ ಆಟಗಾರರಿಗೆ ಇಂಥ ಪಯಣ ಕೈಗೆಟುಕುವಂಥದ್ದಲ್ಲ. ಹಾಗಾಗಿ ಆಟದ ಆಡಳಿತ ಮೊದಲಿನಿಂದಲೂ ಪ್ರದೇಶಗಳ ಕೈಯಲ್ಲಿ ಬೆಳೆಯಿತು. ನೆರೆಯೂರಿನ ಮೈದಾನಕ್ಕೆ ಹೋಗಿ ಕತ್ತಲಾಗುವುದರೊಳಗೆ ಮನೆಗೆ ಮರಳುವಷ್ಟು ದೂರ ಎಂಬುದೇ ಹಲವು ಲೀಗ್‌ಗಳ ಗಡಿಯನ್ನು ನಿರ್ಧರಿಸಿತು.

ಆರಂಭ

1876ರ ಫೆಬ್ರುವರಿ 2ರಂದು ರೆಕ್ಸಮ್‌ನ ವಿನ್‌ಸ್ಟೇ ಆರ್ಮ್ಸ್ ಹೋಟೆಲಿನಲ್ಲಿ ಸೇರಿದ ಸಭೆ ಫುಟ್‌ಬಾಲ್ ಅಸೋಸಿಯೇಷನ್ ಆಫ್ ವೇಲ್ಸ್ (ಎಫ್‌ಎಡಬ್ಲ್ಯು) ಸಂಸ್ಥೆಗೆ ಅಡಿಪಾಯ ಹಾಕಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸಂಘಗಳ ನಂತರ ಹುಟ್ಟಿದ ಇದು ಜಗತ್ತಿನ ಮೂರನೆಯ ಹಳೆಯ ರಾಷ್ಟ್ರೀಯ ಫುಟ್‌ಬಾಲ್ ಸಂಘ. ಅದರ ಹಿಂದಿದ್ದವರು ರೂಆಬನ್ ಊರಿನ ವಕೀಲ ಲೆವೆಲಿನ್ ಕೆನ್ರಿಕ್. ಮುಂದಿನ ತಿಂಗಳ 25ರಂದು ಗ್ಲಾಸ್ಗೋದಲ್ಲಿ ವೇಲ್ಸ್ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವಾಡಿ ಸ್ಕಾಟ್ಲೆಂಡ್‌ಗೆ 0–4ರಿಂದ ಸೋತಿತು. 1877–78ರಲ್ಲಿ ವೆಲ್ಷ್ ಕಪ್ ಆರಂಭವಾಯಿತು. 1878ರ ಮಾರ್ಚ್ 30ರಂದು ರೆಕ್ಸಮ್‌ನ ಆಕ್ಟನ್ ಪಾರ್ಕಿನಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ರೆಕ್ಸಮ್ ತಂಡ 1–0ರಿಂದ ಡ್ರೂಯಿಡ್ಸ್ ತಂಡವನ್ನು ಸೋಲಿಸಿತು. ಸೋತ ಡ್ರೂಯಿಡ್ಸ್ ಕೆನ್ರಿಕ್ ಅವರದೇ ತಂಡ.

ಆರಂಭದ ವೆಲ್ಷ್ ಕಪ್ ಹೆಸರಿಗೆ ರಾಷ್ಟ್ರೀಯವಾದರೂ ಸ್ವಭಾವದಲ್ಲಿ ಪ್ರಾದೇಶಿಕವೇ. ರೆಕ್ಸಮ್, ಡ್ರೂಯಿಡ್ಸ್, ಚರ್ಕ್, ನ್ಯೂಟೌನ್, ಅಬೆರಿಸ್ಟ್‌ವಿತ್ ಹೀಗೆ ಗೆದ್ದವರೆಲ್ಲ ಉತ್ತರದವರು ಅಥವಾ ಮಧ್ಯ ವೇಲ್ಸ್‌ನವರು. ಬಿಟ್ಟರೆ ಆಸ್ವೆಸ್ಟ್ರಿ, ಶ್ರೂಸ್‌ಬರಿಯಂಥ ಗಡಿಯಾಚೆಯ ಪೇಟೆಗಳು. ದಕ್ಷಿಣದಲ್ಲಿ ಆಗ ರಗ್ಬಿಯ ಹವಾ. ವೆಲ್ಷ್ ರಗ್ಬಿ ಯೂನಿಯನ್ 1881ರಲ್ಲೇ ಹುಟ್ಟಿತ್ತು. ಗಣಿ ಕೆಲಸಕ್ಕೆಂದು ಹೊರಗಿನಿಂದ ಬಂದ ಕಾರ್ಮಿಕರೊಂದಿಗೆ ದುಂಡು ಚೆಂಡು ಕಣಿವೆಗಳನ್ನು ಹೊಕ್ಕಿತು. 1890ರಲ್ಲಿ ಸೌತ್ ವೇಲ್ಸ್ ಲೀಗ್, ಅದರ ಬೆನ್ನಿಗೇ ದಕ್ಷಿಣ ವೇಲ್ಸ್ ಮತ್ತು ಮನ್ಮತ್‌ಶೈರ್ ಪ್ರದೇಶದ ಕಪ್ ಬಂದವು. ಅದೇ ದಶಕದಲ್ಲಿ ಉತ್ತರ ಕರಾವಳಿಯೂ ತನ್ನದೇ ಲೀಗ್ ಕಟ್ಟಿಕೊಂಡಿತು. ವೆಲ್ಷ್ ಕಪ್ ಮೊದಲ ಬಾರಿಗೆ ದಕ್ಷಿಣಕ್ಕೆ ಹೋದದ್ದು 1912ರಲ್ಲಿ. ಆ ವರ್ಷ ಕಾರ್ಡಿಫ್ ಸಿಟಿ ಮರುಪಂದ್ಯದಲ್ಲಿ ಪಾಂಟಿಪ್ರಿಡ್ ತಂಡವನ್ನು 3–0ರಿಂದ ಮಣಿಸಿತು. ಅಷ್ಟರೊಳಗೆ ದಕ್ಷಿಣದ ಸಣ್ಣ ಕ್ಲಬ್‌ಗಳು ಎರಡು ದಶಕ ಕಾಲ ತಮ್ಮ ಪ್ರದೇಶದ ಕಪ್‌ಗಳಲ್ಲಿ ಪಳಗಿದ್ದವು. ಕಾರ್ಡಿಫ್ ಸಿಟಿಯ ಪೂರ್ವರೂಪವೇ ಒಂದು ಉದಾಹರಣೆ. 1899ರಲ್ಲಿ ಬಾರ್ಟ್ಲಿ ವಿಲ್ಸನ್ ಎಂಬ ಶಿಲಾಮುದ್ರಣ ಕಲಾವಿದ, ಕ್ರಿಕೆಟ್ ಆಟಗಾರರಿಗೆ ಚಳಿಗಾಲದಲ್ಲೂ ಒಂದು ಆಟವಿರಲಿ ಎಂದು ಕಟ್ಟಿದ ರಿವರ್‌ಸೈಡ್ ಕ್ಲಬ್ ಅದು. 1905ರಲ್ಲಿ ಅದು ಗೆದ್ದ ಬೆವನ್ ಶೀಲ್ಡ್ ಸ್ಥಳೀಯ ಟೂರ್ನಿಯ ಬಹುಮಾನವಾಗಿತ್ತು.

ಹವ್ಯಾಸಿ ಎಂದರೆ ಯಾರು?

ಆಟಗಾರರಿಗೆ ಸಂಬಳ ಕೊಡುವುದನ್ನು ಇಂಗ್ಲೆಂಡಿನ ಫುಟ್‌ಬಾಲ್ ಸಂಘ 1885ರಲ್ಲಿ ಒಪ್ಪಿಕೊಂಡಿತು. ಅದರ ಬಿಸಿ ಮೊದಲು ತಟ್ಟಿದ್ದು ಗಡಿಗೆ ಹತ್ತಿರವಿದ್ದ ಈಶಾನ್ಯ ವೇಲ್ಸ್‌ಗೆ. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆದ ನ್ಯೂಟನ್ ಹೀತ್ ಕ್ಲಬ್ 1880ರ ದಶಕದ ನಡುವಿನಲ್ಲಿ ಜಾಕ್ ಪವೆಲ್, ಡೌಟಿ ಸಹೋದರರೂ ಸೇರಿದಂತೆ ಡ್ರೂಯಿಡ್ಸ್‌ನ ಹಲವರನ್ನು ತನ್ನೆಡೆಗೆ ಸೆಳೆದುಕೊಂಡಿತು. ಆ ಕ್ಲಬ್‌ನ ಬೆನ್ನಿಗಿದ್ದ ರೈಲ್ವೆ ಕಾರ್ಖಾನೆಯ ಕೆಲಸವೂ ಆಮಿಷದ ಭಾಗವಾಗಿತ್ತು. ಒಳ್ಳೆಯ ಆಟಗಾರರನ್ನು ಬೆಳೆಸುವುದು ವೇಲ್ಸ್‌ನ ಹಳ್ಳಿ, ಉಣ್ಣುವುದು ಲ್ಯಾಂಕಶೈರ್‌ನ ಪಟ್ಟಣ ಎಂಬ ಸ್ಥಿತಿ ಬಂತು.

ಚರ್ಕ್ ಇದಕ್ಕೆ ತಕ್ಕ ಸಾಕ್ಷಿ. ಗಡಿಯಂಚಿನ ಈ ಪುಟ್ಟ ಗಣಿ ಊರು 1887ರಿಂದ 1894ರ ನಡುವೆ ಐದು ಸಲ ವೆಲ್ಷ್ ಕಪ್ ಗೆದ್ದಿತು. ಊರಿನ ಶಾಲೆಯ ಮೇಷ್ಟ್ರು ಟಿ. ಇ. ಥಾಮಸ್ ಮಕ್ಕಳಿಗೆ ಅಕ್ಷರದೊಂದಿಗೆ ಪಾಸ್ ಮಾಡುವುದನ್ನೂ ಕಲಿಸಿದರು. ಅವರ ಕೈಯಲ್ಲಿ ಪಳಗಿದ ಹಲವರು ಮುಂದೆ ವೇಲ್ಸ್ ಪರ ಆಡಿದರು. ಅವರಲ್ಲಿ ಎಲ್ಲರಿಗಿಂತ ಹೆಸರಾದವರು ಬಿಲ್ಲಿ ಮೆರೆಡಿತ್. ಹನ್ನೆರಡನೆಯ ವಯಸ್ಸಿಗೇ ಬ್ಲ್ಯಾಕ್ ಪಾರ್ಕ್ ಗಣಿಗಿಳಿದ ಮೆರೆಡಿತ್ 1894ರಲ್ಲಿ ಚರ್ಕ್ ಜೊತೆ ವೆಲ್ಷ್ ಕಪ್ ಗೆದ್ದು, ಅದೇ ವರ್ಷ ಮ್ಯಾಂಚೆಸ್ಟರ್ ಸಿಟಿ ಸೇರಿದರು. ಆಟಗಾರರ ಹಕ್ಕಿಗಾಗಿ ಸಂಘ ಕಟ್ಟುವಲ್ಲೂ ಅವರದು ದೊಡ್ಡ ದನಿ. ಊರಿನ ಕ್ಲಬ್ ಮಾತ್ರ ಹವ್ಯಾಸಿಗಳ ಸಾಲಿನಲ್ಲೇ ಉಳಿಯಿತು.

ಹವ್ಯಾಸಿಗಳಲ್ಲೂ ಎಲ್ಲರೂ ಒಂದೇ ಬಗೆಯವರಲ್ಲ. ಗಣಿಕಾರ್ಮಿಕನ ಹವ್ಯಾಸ ಬೇರೆ, ವೈದ್ಯನ ಹವ್ಯಾಸ ಬೇರೆ. ಪೆನ್ಮಾಖ್ನೊದಲ್ಲಿ ಹುಟ್ಟಿದ ರಾಬರ್ಟ್ ಮಿಲ್ಸ್-ರಾಬರ್ಟ್ಸ್ 1889ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಗೆದ್ದ ಪ್ರೆಸ್ಟನ್ ನಾರ್ತ್ ಎಂಡ್ ತಂಡದ ಗೋಲ್‌ಕೀಪರ್. ಆದರೆ ಸಂಬಳ ಪಡೆಯದ ಅಮೆಚೂರ್. ನಂತರ ಅವರು ಲ್ಯಾನ್‌ಬೆರಿಸ್‌ನ ಡಿನೋರ್ವಿಗ್ ಸ್ಲೇಟು ಕ್ವಾರಿಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿ ನೆಲೆಸಿದರು. ಇನ್ನೊಬ್ಬರು ರೆಕ್ಸಮ್ ಹತ್ತಿರದ ಹೋಲ್ಟ್ ಊರಿನ ಲೀ ರಿಚ್ಮಂಡ್ ರೂಸ್. ಅಬೆರಿಸ್ಟ್‌ವಿತ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಲ್ಲಿನ ಊರ ತಂಡದ ಗೋಲು ಕಾಯುತ್ತಿದ್ದ ರೂಸ್, 1900ರಲ್ಲಿ ಡ್ರೂಯಿಡ್ಸ್ ವಿರುದ್ಧ 3–0ರಿಂದ ವೆಲ್ಷ್ ಕಪ್ ಗೆದ್ದ ತಂಡದಲ್ಲಿದ್ದರು. ಮುಂದೆ ಸ್ಟೋಕ್, ಎವರ್ಟನ್, ಸಂಡರ್ಲೆಂಡ್ ಕ್ಲಬ್‌ಗಳಿಗೂ ಹವ್ಯಾಸಿಯಾಗಿಯೇ ಆಡಿದರು. ಸಂಬಳ ಬೇಡ ಎನ್ನುತ್ತಿದ್ದ ಅವರ ಖರ್ಚಿನ ಪಟ್ಟಿ ಮಾತ್ರ ಭರ್ಜರಿಯಾಗಿರುತ್ತಿತ್ತು. ಚೆಂಡನ್ನು ಕೈಯಲ್ಲಿ ಪುಟಿಸುತ್ತ ಮೈದಾನದ ನಡುವಿನವರೆಗೂ ಬರುವ ಅವರ ಚಾಳಿಯೂ, 1912ರಲ್ಲಿ ಗೋಲ್‌ಕೀಪರ್ ಪೆನಾಲ್ಟಿ ಪ್ರದೇಶದೊಳಗೆ ಮಾತ್ರ ಚೆಂಡು ಮುಟ್ಟಬಹುದೆಂದು ನಿಯಮ ಬದಲಾಗಲು ಒಂದು ಕಾರಣವೆಂದು ಹೇಳಲಾಗುತ್ತದೆ. 1916ರ ಅಕ್ಟೋಬರಿನಲ್ಲಿ ಸೋಮ್ ಯುದ್ಧಭೂಮಿಯಲ್ಲಿ ಅವರು ಮಡಿದರು.

ವೆಲ್ಷ್ ಅಮೆಚೂರ್ ಕಪ್

ಸಂಬಳದ ಆಟಗಾರರಿರುವ ತಂಡಗಳ ಎದುರು ಹಳ್ಳಿಯ ಕ್ಲಬ್‌ಗಳು ವೆಲ್ಷ್ ಕಪ್‌ನಲ್ಲಿ ದೂರ ಸಾಗುವುದು ಕಷ್ಟವಾಗುತ್ತ ಬಂತು. ಅವರಿಗೆಂದೇ 1890–91ರಲ್ಲಿ ವೆಲ್ಷ್ ಅಮೆಚೂರ್ ಕಪ್ ಶುರುವಾಯಿತು. ಪ್ರದೇಶದ ಕಪ್ ಗೆಲ್ಲುವುದು ನೆರೆಹೊರೆಯ ಮೇಲಿನ ಗೆಲುವಾದರೆ, ಇದು ಪರವೂರಿನವರನ್ನು ಎದುರಿಸುವ ಪರೀಕ್ಷೆ. ಆರಂಭದ ಸುತ್ತುಗಳನ್ನು ಹತ್ತಿರದ ತಂಡಗಳ ನಡುವೆಯೇ ಆಡಿಸಿ, ದೂರದ ತಂಡಗಳು ಕೊನೆಯ ಸುತ್ತುಗಳಲ್ಲಿ ಮಾತ್ರ ಎದುರಾಗುವಂತೆ ಪಟ್ಟಿ ಸಿದ್ಧಪಡಿಸುವ ರೂಢಿ ಪಯಣದ ಕಷ್ಟದಿಂದಲೇ ಹುಟ್ಟಿದ್ದು.

1974ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಅಮೆಚೂರ್ ಮತ್ತು ವೃತ್ತಿಪರ ಎಂಬ ದಾಖಲೆ ಭೇದವನ್ನೇ ತೆಗೆದುಹಾಕಿತು; ಅಲ್ಲಿನ ಎಫ್‌ಎ ಅಮೆಚೂರ್ ಕಪ್ ಅದರೊಂದಿಗೇ ಕೊನೆಗೊಂಡಿತು. ಹವ್ಯಾಸಿ ಎಂಬ ಹೆಸರಿನಲ್ಲಿ ಕೈಮರೆಯಲ್ಲಿ ದುಡ್ಡು ಕೊಡುವುದು ಅಷ್ಟು ಹೊತ್ತಿಗೆ ಗುಟ್ಟಾಗಿ ಉಳಿದಿರಲಿಲ್ಲ. ವೇಲ್ಸ್ ಮಾತ್ರ ಟೂರ್ನಿಯನ್ನು ಮುಚ್ಚಲಿಲ್ಲ. ವೆಲ್ಷ್ ಇಂಟರ್‌ಮೀಡಿಯೆಟ್ ಕಪ್ ಎಂಬ ಹೊಸ ಹೆಸರು ಕೊಟ್ಟು, ಸಂಬಳ ಪಡೆಯುವರೇ ಇಲ್ಲವೇ ಎಂಬುದರ ಬದಲು ಯಾವ ದರ್ಜೆಯ ಲೀಗ್‌ನಲ್ಲಿ ಆಡುತ್ತಾರೆ ಎಂಬುದನ್ನು ಅರ್ಹತೆಯ ಅಳತೆಗೋಲು ಮಾಡಿತು. 1990ರ ದಶಕದಲ್ಲಿ ಅದು ಎಫ್‌ಎಡಬ್ಲ್ಯು ಟ್ರೋಫಿಯಾಯಿತು. ಇತ್ತೀಚೆಗೆ ಅಮೆಚೂರ್ ಟ್ರೋಫಿ ಎಂಬ ಹೆಸರೂ ಮರಳಿ ಬಳಕೆಗೆ ಬಂದಿದೆ.

ಪ್ರದೇಶದಿಂದ ಪ್ರದೇಶಕ್ಕೆ

ಉತ್ತರ ಕರಾವಳಿ ಸಂಘದ ವ್ಯಾಪ್ತಿಯಲ್ಲಿ ಎರಡು ಬಗೆಯ ಊರುಗಳಿವೆ. ಬ್ಯಾಂಗರ್, ಲ್ಯಾನ್‌ಡಿಡ್ನೋ, ಕೋಲ್ವಿನ್ ಬೇ, ರಿಲ್ ಕಡಲಂಚಿನ ಪೇಟೆಗಳು. ಒಳನಾಡಿನ ಬೆಥೆಸ್ಡಾ, ಲ್ಯಾನ್‌ಬೆರಿಸ್, ಪೆನಿಗ್ರೊಯಿಸ್, ಬ್ಲೈನೈ ಫೆಸ್ಟಿನಿಯಾಗ್ ಸ್ಲೇಟಿನಿಂದ ಬದುಕಿದ ಊರುಗಳು. ಬ್ಲೈನೈನ ಕ್ಲಬ್ ತನ್ನ ಹೆಸರಿನಲ್ಲೇ ಅಮೆಚೂರ್ ಎಂಬುದನ್ನು ಇಟ್ಟುಕೊಂಡಿದೆ. ಇಲ್ಲಿನ ಮೈದಾನಗಳಲ್ಲಿ ವೆಲ್ಷ್ ನುಡಿ ದಿನಬಳಕೆಯ ಮಾತು. ರೆಫರಿಯನ್ನು ಬೈಯುವುದೂ ಅದರಲ್ಲೇ. ಪೆನಿಗ್ರೊಯಿಸ್‌ನ ನಾಂಟ್ಲೆ ವೇಲ್ ತಂಡಕ್ಕೆ ಆಡಿ, ಅದನ್ನು ಮುನ್ನಡೆಸಿದವರಲ್ಲಿ ಒರಿಗ್ ವಿಲಿಯಮ್ಸ್ ಒಬ್ಬರು. ಮುಂದೆ ಎಲ್ ಬಂಡಿಟೊ ಎಂಬ ಹೆಸರಿನಲ್ಲಿ ವೃತ್ತಿಪರ ಕುಸ್ತಿಪಟುವಾಗಿ ಹೆಸರು ಮಾಡಿದ ಅವರ ಕಾಲದ ನಾಂಟ್ಲೆ ವೇಲ್, ಮೈಮೇಲೆ ಬೀಳುವ ಒರಟು ಆಟಕ್ಕೆ ಸುತ್ತಮುತ್ತ ಹೆಸರಾಗಿತ್ತು. ಕರಾವಳಿ ಸಂಘದ ಚಾಲೆಂಜ್ ಕಪ್ ಜೊತೆಗೆ ಲೀಗ್‌ಗಳು ನಡೆಸುತ್ತಿದ್ದ ಕುಕ್ಸನ್ ಕಪ್, ಬ್ಯಾರಿಟ್ ಕಪ್, ಆಂಗಲ್‌ಸೀ ದ್ವೀಪದ ಡಾರ್ಗಿ ಕಪ್ ಇವೆಲ್ಲ ಈ ಸೀಮೆಯ ಚಳಿಗಾಲದ ಶನಿವಾರಗಳನ್ನು ಹಂಚಿಕೊಂಡಿದ್ದವು.

ಈಶಾನ್ಯದ ಸಂಘಕ್ಕೆ ಸೇರಿದ್ದು ವೇಲ್ಸ್ ಫುಟ್‌ಬಾಲ್‌ನ ತವರು ನೆಲ. ಕೆವ್ನ್, ರೂಆಬನ್, ಚರ್ಕ್, ರೋಸ್ ಮೊದಲಾದ ಊರುಗಳು ಒಂದರ ಮಗ್ಗುಲಿಗೆ ಒಂದಿವೆ. ಡ್ರೂಯಿಡ್ಸ್‌ನ ವಾರಸು ಕ್ಲಬ್ ಕೆವ್ನ್ ಡ್ರೂಯಿಡ್ಸ್. ಅದೇ ಆಸುಪಾಸಿನ ಇನ್ನೊಂದು ಕ್ಲಬ್ ಕೆವ್ನ್ ಆಲ್ಬಿಯನ್. ಇಲ್ಲಿ ಕಪ್ ಪಂದ್ಯದ ಎದುರಾಳಿ ಎಂದರೆ ಅದೇ ಕಾರ್ಖಾನೆಯಲ್ಲಿ ಜೊತೆಗೆ ಪಾಳಿ ಮಾಡುವವನೋ ಭಾವಮೈದುನನೋ ಆಗಿರುವುದು ಅಪರೂಪವಲ್ಲ. ಸಂಘ ತನ್ನ ಚಾಲೆಂಜ್ ಕಪ್ ಜೊತೆಗೆ ಹೊರೇಸ್ ವಿನ್ ಕಪ್ ಎಂಬ ಇನ್ನೊಂದು ಟೂರ್ನಿಯನ್ನೂ ನಡೆಸುತ್ತ ಬಂದಿದೆ.

ಮಧ್ಯ ವೇಲ್ಸ್‌ನಲ್ಲಿ ಕುರಿಗಳು ಹೆಚ್ಚು, ಜನ ಕಡಿಮೆ. ಕೇರ್‌ಸೂಸ್ ಹಳ್ಳಿಯ ಕ್ಲಬ್ 1887ರಲ್ಲಿ ಕೇರ್‌ಸೂಸ್ ಅಮೆಚೂರ್ಸ್ ಎಂಬ ಹೆಸರಿನಲ್ಲಿ ಹುಟ್ಟಿತು. ಮಿಡ್ ವೇಲ್ಸ್ ಲೀಗ್ ಮತ್ತು ಅಲ್ಲಿನ ಕಪ್‌ಗಳಲ್ಲಿ ಬೆಳೆದ ಈ ತಂಡ 1992ರಲ್ಲಿ ಹೊಸ ರಾಷ್ಟ್ರೀಯ ಲೀಗ್‌ಗೆ ಕಾಲಿಟ್ಟು, 2001, 2002 ಮತ್ತು 2007ರಲ್ಲಿ ಅದರ ಲೀಗ್ ಕಪ್ ಗೆದ್ದಿತು. ಈ ಪ್ರದೇಶದ ಸಣ್ಣ ಕ್ಲಬ್‌ಗಳಿಗೆ ಎಮ್ರಿಸ್ ಮಾರ್ಗನ್ ಕಪ್ ಇದೆ. ಗಡಿಯೂ ಇಲ್ಲಿ ಸ್ವಲ್ಪ ಮಸುಕು. ನೈಟನ್ ಊರು ವೇಲ್ಸ್‌ನಲ್ಲಿದ್ದರೆ ಅದರ ರೈಲು ನಿಲ್ದಾಣ ಇಂಗ್ಲೆಂಡಿನ ನೆಲದಲ್ಲಿದೆ.

ಪಶ್ಚಿಮದ ಸಂಘದ ಹೆಗ್ಗುರುತು ವೆಸ್ಟ್ ವೇಲ್ಸ್ ಸೀನಿಯರ್ ಕಪ್. ಅದನ್ನು ಮತ್ತೆ ಮತ್ತೆ ಗೆದ್ದದ್ದು ವೃತ್ತಿಪರ ಸ್ವಾನ್ಸಿ. ಹಲವು ವರ್ಷ ಅದು ಎಳೆಯ ಆಟಗಾರರನ್ನೇ ಕಳಿಸಿ ಗೆದ್ದದ್ದುಂಟು. ಹಾಗಾಗಿ ನಿಜವಾದ ಹವ್ಯಾಸಿ ಕ್ಲಬ್‌ಗಳ ಕಣ್ಣು ಅದರ ಕೆಳಗಿನ ಇಂಟರ್‌ಮೀಡಿಯೆಟ್ ಕಪ್ ಮೇಲೆ ಮತ್ತು ಪೆಂಬ್ರೋಕ್‌ಶೈರ್, ಕಾರ್ಮಾರ್ದನ್‌ಶೈರ್, ಕೆರೆಡಿಗಿಯಾನ್ ಸೀಮೆಗಳ ತಂತಮ್ಮ ಕಪ್‌ಗಳ ಮೇಲೆ ನೆಟ್ಟಿರುತ್ತದೆ.

ದಕ್ಷಿಣದ ಸಂಘದ ಅಂಗಳ ಕಾರ್ಡಿಫ್ ಮತ್ತು ಕಣಿವೆಗಳು. ಗಣಿ ಊರುಗಳ ಕ್ಲಬ್‌ಗಳೊಂದಿಗೆ ಇಲ್ಲಿ ನಗರದ ಮಧ್ಯಮವರ್ಗದ ಹವ್ಯಾಸಿ ಪರಂಪರೆಯೂ ಇತ್ತು. 1898ರಲ್ಲಿ ಕ್ರಿಕೆಟ್ ಆಡುತ್ತಿದ್ದ ಗೆಳೆಯರು ಚಳಿಗಾಲಕ್ಕೆಂದು ಕಟ್ಟಿದ ಕಾರ್ಡಿಫ್ ಕೊರಿಂಥಿಯನ್ಸ್ ದಶಕಗಟ್ಟಲೆ ಆ ಪರಂಪರೆಯ ಮುಖವಾಗಿತ್ತು. ರೊಂಡಾ ಕಣಿವೆಯ ಟಾನ್ ಪೆಂಟ್ರ್ ಇನ್ನೊಂದು ತುದಿ. 1986ರಲ್ಲಿ ಅದು ಇಂಗ್ಲೆಂಡಿನ ಎಫ್‌ಎ ಕಪ್‌ನ ಮೊದಲ ಸುತ್ತು ಮುಟ್ಟಿ, ತನ್ನ ಪುಟ್ಟ ಮೈದಾನಕ್ಕೆ ಕಾರ್ಡಿಫ್ ಸಿಟಿಯನ್ನೇ ಕರೆಸಿಕೊಂಡು 1–4ರಿಂದ ಸೋತಿತು.

ಗ್ವೆಂಟ್ ಎಂದರೆ ಹಳೆಯ ಮನ್ಮತ್‌ಶೈರ್. ಇಲ್ಲಿನ ಸಂಘ ಸೀನಿಯರ್ ಕಪ್ ಜೊತೆಗೆ ಅಮೆಚೂರ್ ಕಪ್ ಎಂಬ ಹೆಸರಿನದೇ ಪ್ರತ್ಯೇಕ ಟೂರ್ನಿ ಇಟ್ಟುಕೊಂಡಿತ್ತು. ಅಬೆರ್ಗವೆನ್ನಿ ಥರ್ಸ್‌ಡೇಸ್ ಎಂಬ ಕ್ಲಬ್‌ನ ಹೆಸರಿನ ಹಿಂದೆ ಪೇಟೆಯ ಬದುಕೇ ಇದೆ. 1927ರಲ್ಲಿ ಅದು ಹುಟ್ಟಿದಾಗ ಅಂಗಡಿಗಳು ಗುರುವಾರ ಮಧ್ಯಾಹ್ನ ಬಾಗಿಲು ಹಾಕುತ್ತಿದ್ದವು. ಶನಿವಾರ ವ್ಯಾಪಾರದ ದಿನವಾದ್ದರಿಂದ ಅಂಗಡಿ ಕೆಲಸದವರಿಗೆ ಆಡಲು ಸಿಗುತ್ತಿದ್ದುದು ಗುರುವಾರವೇ. ನ್ಯೂಪೋರ್ಟ್‌ನ ಮಿಠಾಯಿ ಕಾರ್ಖಾನೆಯ ತಂಡವಾದ ಲವೆಲ್ಸ್ ಅಥ್ಲೆಟಿಕ್ 1948ರಲ್ಲಿ ಶ್ರೂಸ್‌ಬರಿಯನ್ನು 3–0ರಿಂದ ಸೋಲಿಸಿ ವೆಲ್ಷ್ ಕಪ್ಪನ್ನೇ ಗೆದ್ದಿತು.

ಟೂರ್ನಿ ನಡೆಯುವ ಬಗೆ

ನಾಕೌಟ್ ಲೆಕ್ಕ ಸರಳ. ಪ್ರತಿ ಪಂದ್ಯಕ್ಕೆ ಒಂದು ತಂಡ ಹೊರಬೀಳುವುದರಿಂದ, ಎಷ್ಟು ತಂಡಗಳಿವೆಯೋ ಅದಕ್ಕಿಂತ ಒಂದು ಕಡಿಮೆ ಪಂದ್ಯ ಸಾಕು. ತಂಡಗಳ ಸಂಖ್ಯೆ 16, 32, 64ರಂತೆ ಇಮ್ಮಡಿಯಾಗುತ್ತ ಹೋದರೆ ಸುತ್ತುಗಳು ಸಲೀಸು. ಆದರೆ ಹಾಗೆ ಕೂಡಿಬರುವುದು ಕಡಿಮೆ. 37 ಕ್ಲಬ್‌ಗಳು ಹೆಸರು ಕೊಟ್ಟವೆನ್ನಿ. ಆಗ 10 ತಂಡಗಳಿಗೆ ಐದು ಪ್ರಾಥಮಿಕ ಪಂದ್ಯ ಆಡಿಸಿ, ಉಳಿದ 27ಕ್ಕೆ ಬೈ, ಅಂದರೆ ಆಡದೆಯೇ ಮುಂದೆ ಹೋಗುವ ಅವಕಾಶ, ಕೊಟ್ಟರೆ ಮುಂದಿನ ಸುತ್ತಿಗೆ ಸರಿಯಾಗಿ 32 ಉಳಿಯುತ್ತವೆ. ಒಟ್ಟು ಪಂದ್ಯಗಳು 36.

ಯಾರಿಗೆ ಯಾರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಮೊದಲು ಹೆಸರು ಬಂದ ತಂಡಕ್ಕೆ ತವರಿನ ಮೈದಾನ. ಸಣ್ಣ ಕ್ಲಬ್‌ಗೆ ಇದು ಬರೀ ಆಟದ ಅನುಕೂಲವಲ್ಲ. ತವರಿನಲ್ಲಿ ಪಂದ್ಯವೆಂದರೆ ಕ್ಯಾಂಟೀನಿನ ಚಹಾ, ಲಾಟರಿ ಚೀಟಿ, ಕ್ಲಬ್ ಮನೆಯ ಬಾರು ಎಲ್ಲದರಿಂದಲೂ ನಾಲ್ಕು ಕಾಸು. ಫೈನಲ್ ಮಾತ್ರ ಸಾಮಾನ್ಯವಾಗಿ ತಟಸ್ಥ ಮೈದಾನದಲ್ಲಿ ನಡೆಯುತ್ತದೆ.

ಒಂದೇ ಸಂಘದ ಕಪ್‌ಗಳಲ್ಲಿ ಸೀನಿಯರ್, ಇಂಟರ್‌ಮೀಡಿಯೆಟ್, ಜೂನಿಯರ್ ಎಂಬ ಮೆಟ್ಟಿಲುಗಳಿರುತ್ತವೆ. ಜೂನಿಯರ್ ಎಂದರೆ ಎಳೆಯರದು ಎಂದಲ್ಲ. ಕೆಳ ದರ್ಜೆಯ ಲೀಗ್‌ಗಳ ವಯಸ್ಕರ ತಂಡಗಳು, ದೊಡ್ಡ ಕ್ಲಬ್‌ಗಳ ಮೀಸಲು ತಂಡಗಳು ಅಲ್ಲಿ ಆಡುತ್ತವೆ. ಒಂದು ಋತುವಿನಲ್ಲಿ ಒಂದು ಕ್ಲಬ್ ಪರ ಒಂದು ಕಪ್‌ನಲ್ಲಿ ಆಡಿದವನು ಅದೇ ಕಪ್‌ನಲ್ಲಿ ಬೇರೆ ಕ್ಲಬ್‌ಗೆ ಆಡುವಂತಿಲ್ಲ. ಅರ್ಹತೆಯಿಲ್ಲದ ಆಟಗಾರನನ್ನು ಇಳಿಸಿದರೆ ಗೆದ್ದ ಪಂದ್ಯವೂ ಕೈತಪ್ಪುತ್ತದೆ. ನೋಂದಣಿ ಕಾಗದ ನೋಡಿಕೊಳ್ಳುವ ಕಾರ್ಯದರ್ಶಿ ಎಂಬ ಸ್ವಯಂಸೇವಕ ಈ ಕಾರಣಕ್ಕೆ ಸ್ಟ್ರೈಕರ್‌ನಷ್ಟೇ ಮುಖ್ಯ.

ಪಂದ್ಯ ಸಮವಾದರೆ ಹಿಂದೆ ಮರುಪಂದ್ಯ, ಅದೂ ಸಮವಾದರೆ ಇನ್ನೊಂದು. ಪೆನಾಲ್ಟಿ ಶೂಟೌಟ್‌ಗೆ ನಿಯಮದಲ್ಲಿ ಜಾಗ ಸಿಕ್ಕಿದ್ದು 1970ರಲ್ಲಿ. ಮರುಪಂದ್ಯಗಳ ಹೊರೆ ಇಳಿದದ್ದು ಆಮೇಲೆ. ಹವಾಮಾನದ ಹೊರೆ ಇಂದಿಗೂ ಇಳಿದಿಲ್ಲ. ಎರಿರಿ ಪರ್ವತಸೀಮೆ ಇಡೀ ಬ್ರಿಟನ್ನಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಕ್ರಿಬ್ ಗೋಕ್ ಶಿಖರದ ಬಳಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಬೆಳಿಗ್ಗೆ ರೆಫರಿ ಬಂದು ಮೈದಾನ ತುಳಿದು ನೋಡಿ, ನೀರು ನಿಂತಿದೆ ಅಥವಾ ನೆಲ ಹೆಪ್ಪುಗಟ್ಟಿದೆ ಎಂದು ಪಂದ್ಯ ಮುಂದೂಡುವುದು ಮಾಮೂಲು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗುವುದರಿಂದ ಹೊನಲು ದೀಪವಿಲ್ಲದ ಮೈದಾನಗಳಲ್ಲಿ ಆಟವನ್ನು ಬೇಗ ಆರಂಭಿಸಬೇಕು. ಹೀಗೆ ಬಾಕಿ ಬಿದ್ದ ಪಂದ್ಯಗಳೆಲ್ಲ ಏಪ್ರಿಲ್ ಹೊತ್ತಿಗೆ ಒಟ್ಟಿಗೆ ಮುಗಿಬೀಳುತ್ತವೆ. ವಾರದಲ್ಲಿ ಮೂರು ಸಂಜೆ ಆಡಿ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ತಿಂಗಳು ಅದು.

ಹಳ್ಳಿಯಿಂದ ಯುರೋಪಿಗೆ

1961ರಿಂದ ವೆಲ್ಷ್ ಕಪ್ ಗೆದ್ದವರಿಗೆ ಯುರೋಪಿನ ಕಪ್ ವಿನ್ನರ್ಸ್ ಕಪ್‌ನಲ್ಲಿ ಸ್ಥಾನ ಸಿಗತೊಡಗಿತು. ಪ್ರಾದೇಶಿಕ ಲೀಗ್‌ಗಳ ಕ್ಲಬ್‌ಗಳಿಗೆ ಇದ್ದಕ್ಕಿದ್ದಂತೆ ಒಂದು ಬಾಗಿಲು ತೆರೆಯಿತು. 1962ರ ಗೆಲುವಿನ ಬಲದಿಂದ ಬ್ಯಾಂಗರ್ ಸಿಟಿ ಇಟಲಿಯ ನಪೋಲಿಯನ್ನು ತನ್ನ ಫ್ಯಾರರ್ ರೋಡ್ ಮೈದಾನದಲ್ಲಿ 2–0ರಿಂದ ಸೋಲಿಸಿತು. ನೇಪಲ್ಸ್‌ನಲ್ಲಿ 1–3ರಿಂದ ಸೋತಿತು. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮ ಆಗ ಇರಲಿಲ್ಲ. ಇದ್ದಿದ್ದರೆ ಬ್ಯಾಂಗರ್ ಅಲ್ಲಿಗೇ ಗೆದ್ದಿರುತ್ತಿತ್ತು. ಲಂಡನ್ನಿನ ಹೈಬರಿಯಲ್ಲಿ ನಡೆದ ಮೂರನೆಯ ಪಂದ್ಯ 2–1ರಿಂದ ನಪೋಲಿಯ ಪಾಲಾಯಿತು.

ಮರುವರ್ಷದ ಕತೆ ಇನ್ನೂ ವಿಚಿತ್ರ. ಕಾನ್ವಿ ಮತ್ತು ಲ್ಯಾನ್‌ಡಿಡ್ನೋ ಜಂಕ್ಷನ್ ಊರುಗಳ ಕ್ಲಬ್‌ಗಳು ಸೇರಿ ಆದ ಬರೋ ಯುನೈಟೆಡ್, ಉತ್ತರದ ಪ್ರಾದೇಶಿಕ ಲೀಗ್‌ನಲ್ಲಿ ಆಡುತ್ತಿದ್ದ ತಂಡ. 1963ರ ವೆಲ್ಷ್ ಕಪ್‌ನಲ್ಲಿ ಅದು ನ್ಯೂಪೋರ್ಟ್ ಕೌಂಟಿಯನ್ನು ಮಣಿಸಿತು. ನಂತರ ಮಾಲ್ಟಾದ ಸ್ಲೀಮಾ ವಾಂಡರರ್ಸ್ ಜೊತೆ ಅಲ್ಲಿ 0–0, ಇಲ್ಲಿ 2–0. ಯುರೋಪಿನ ಟೂರ್ನಿಯೊಂದರಲ್ಲಿ ಒಂದು ಸುತ್ತು ಗೆದ್ದ ಮೊದಲ ವೆಲ್ಷ್ ಕ್ಲಬ್ ಎಂಬ ದಾಖಲೆ ಕಾರ್ಡಿಫ್‌ಗೂ ಅಲ್ಲ, ಸ್ವಾನ್ಸಿಗೂ ಅಲ್ಲ, ಈ ಬರೋ ಯುನೈಟೆಡ್‌ಗೆ ಸೇರಿದ್ದು. ತನ್ನ ಮೈದಾನ ಅಂಥ ಪಂದ್ಯಕ್ಕೆ ಸಾಲದೆಂದು ತವರಿನ ಪಂದ್ಯವನ್ನು ಅದು ರೆಕ್ಸಮ್‌ನ ರೇಸ್‌ಕೋರ್ಸ್ ಮೈದಾನದಲ್ಲಿ ಆಡಿತು. ಮುಂದಿನ ಸುತ್ತಿನಲ್ಲಿ ಸ್ಲೋವಾನ್ ಬ್ರಾಟಿಸ್ಲಾವಾ ಎದುರು ಸೋಲಾಯಿತು. ಆ ದಶಕ ಮುಗಿಯುವಷ್ಟರಲ್ಲಿ ಕ್ಲಬ್ಬೇ ಮುಚ್ಚಿಹೋಯಿತು. 1987ರಲ್ಲಿ ಮರ್ಥರ್ ಟಿಡ್‌ವಿಲ್ ತಂಡ ಪೆನಿಡಾರನ್ ಪಾರ್ಕಿನಲ್ಲಿ ಅಟಲಾಂಟಾವನ್ನು 2–1ರಿಂದ ಸೋಲಿಸಿ, ಬೆರ್ಗಾಮೊದಲ್ಲಿ 0–2ರಿಂದ ಕೈಚೆಲ್ಲಿತು.

1992ರ ನಂತರ

ರಾಷ್ಟ್ರೀಯ ಲೀಗ್ ಬಂದದ್ದು ಜಗಳದೊಂದಿಗೆ. ಸ್ವಂತ ಲೀಗ್ ಇಲ್ಲದ ವೇಲ್ಸ್‌ಗೆ ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಪ್ರತ್ಯೇಕ ಸ್ಥಾನವೇಕೆ ಎಂಬ ಪ್ರಶ್ನೆ ಏಳುತ್ತಿದ್ದ ಕಾಲ ಅದು. ಅದಕ್ಕೆ ಉತ್ತರವಾಗಿ ಲೀಗ್ ಆಫ್ ವೇಲ್ಸ್ ಕಟ್ಟಿದಾಗ, ಇಂಗ್ಲೆಂಡಿನ ಲೀಗ್‌ಗಳಲ್ಲಿ ಆಡುತ್ತಿದ್ದ ಎಂಟು ಕ್ಲಬ್‌ಗಳು ಮೊದಲಿಗೆ ಒಲ್ಲೆವೆಂದವು. ಕೆಲವು ಆಮೇಲೆ ಒಪ್ಪಿ ಸೇರಿದವು. ಇನ್ನು ಕೆಲವು ಗಡಿಯಾಚೆ ಮೈದಾನ ಹುಡುಕಿಕೊಂಡು ತವರಿನ ಪಂದ್ಯಗಳನ್ನೂ ಇಂಗ್ಲೆಂಡಿನಲ್ಲಿ ಆಡಬೇಕಾಯಿತು. 1995ರಲ್ಲಿ ನ್ಯಾಯಾಲಯದ ತೀರ್ಪು ಅವರನ್ನು ಸ್ವಂತ ಊರಿಗೆ ಮರಳಿಸಿತು. ಅದೇ ವರ್ಷದಿಂದ ಇಂಗ್ಲೆಂಡಿನ ಲೀಗ್‌ಗಳಲ್ಲಿ ಆಡುವ ಕ್ಲಬ್‌ಗಳಿಗೆ ವೆಲ್ಷ್ ಕಪ್‌ನ ಬಾಗಿಲು ಮುಚ್ಚಿತು. ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್‌ನಂಥವರು ಹೊರಗುಳಿದುದರಿಂದ ಸಣ್ಣ ಕ್ಲಬ್‌ಗಳಿಗೆ ದಾರಿ ಸುಲಭವಾಯಿತು. ಆದರೆ ಒಂದು ದೊಡ್ಡ ಹೆಸರು ಊರಿಗೆ ಬಂದು ಗೇಟಿನ ಬಳಿ ಸಾಲು ನಿಲ್ಲಿಸುವ ಆಸೆಯೂ ಕಡಿಮೆಯಾಯಿತು.

ಲೀಗ್‌ಗಳ ಹಂತಗಳು ಬದಲಾಗತೊಡಗಿದ್ದು 2019–20ರಲ್ಲಿ. ಮೊದಲ ದರ್ಜೆಗೆ ಕಮ್ರಿ ಪ್ರೀಮಿಯರ್, ಎರಡನೆಯದಕ್ಕೆ ಕಮ್ರಿ ನಾರ್ತ್ ಮತ್ತು ಕಮ್ರಿ ಸೌತ್, ಆಮೇಲೆ ಮೂರನೆಯದಕ್ಕೆ ಅರ್ದಾಲ್ ಎಂಬ ನಾಲ್ಕು ಲೀಗ್‌ಗಳು. ಅಲ್ಲಿಂದ ಕೆಳಗಿನದೆಲ್ಲ ಆರು ಪ್ರಾದೇಶಿಕ ಸಂಘಗಳ ಹೊಣೆ. 1904ರಲ್ಲಿ ಹುಟ್ಟಿದ್ದ ದಕ್ಷಿಣದ ವೆಲ್ಷ್ ಫುಟ್‌ಬಾಲ್ ಲೀಗ್ 2020ರಲ್ಲಿ ಕೊನೆಗೊಂಡಿತು. ಉತ್ತರದ ವೆಲ್ಷ್ ಅಲಯನ್ಸ್, ಗ್ವಿನೆಡ್ ಲೀಗ್, ರೆಕ್ಸಮ್ ಸುತ್ತಲಿನ ವೆಲ್ಷ್ ನ್ಯಾಷನಲ್ ಲೀಗ್ ಕೂಡ ಅದೇ ವರ್ಷ ಮುಗಿದವು. ಲೀಗ್‌ಗಳ ಹೆಸರಿನ ಕಪ್‌ಗಳು ನೆಲೆ ಕಳೆದುಕೊಂಡಾಗಲೂ ಸಂಘಗಳ ಕಪ್‌ಗಳು ಉಳಿದುಕೊಂಡವು. ಕೊರೊನಾ ಕಾಲದಲ್ಲಿ ಕೆಳದರ್ಜೆಯ ಮೈದಾನಗಳೆಲ್ಲ ಖಾಲಿ ಬಿದ್ದು, 2021–22ರಲ್ಲಷ್ಟೇ ಹೊಸ ವ್ಯವಸ್ಥೆ ಪೂರ್ತಿಯಾಗಿ ಕಾಲೂರಿತು.

ಹಳೆಯ ಹೆಸರುಗಳು ಕೆಳಗಿಳಿದು ಮತ್ತೆ ಹತ್ತಿ ಬರುವ ಏಣಿಯೂ ಇದೇ. ಬ್ಯಾಂಗರ್ ಸಿಟಿ ಆಡಳಿತದ ಗೊಂದಲದಲ್ಲಿ ಮುಳುಗುತ್ತಿದ್ದಾಗ ಅದರ ಅಭಿಮಾನಿಗಳು 2019ರಲ್ಲಿ ಬ್ಯಾಂಗರ್ 1876 ಎಂಬ ಕ್ಲಬ್ ಕಟ್ಟಿ, ಐದನೆಯ ದರ್ಜೆಯ ಗ್ವಿನೆಡ್ ಲೀಗ್‌ನಿಂದ ಆಟ ಆರಂಭಿಸಿದರು. 2020ರಲ್ಲಿ ರಿಲ್ ಕ್ಲಬ್ ಮುಚ್ಚಿದ ಮೇಲೆ ಅಲ್ಲಿನವರೂ ಅದೇ ಹಾದಿ ಹಿಡಿದರು. ನಪೋಲಿಯನ್ನು ಸೋಲಿಸಿದ ಪರಂಪರೆಯ ತಂಡಕ್ಕೂ, ಊರಿನ ಉದ್ಯಾನದಂಚಿನಲ್ಲಿ ಆಡುವ ತಂಡಕ್ಕೂ ಒಂದೇ ಡಬ್ಬಿಯಿಂದ ಚೀಟಿ ಎತ್ತುವ ವ್ಯವಸ್ಥೆಯಿದು. ಈಗ ಮೂರನೆಯ ದರ್ಜೆ ಮತ್ತು ಅದರ ಕೆಳಗಿನ ಕ್ಲಬ್‌ಗಳು ತಮ್ಮ ಸಂಘದ ಕಪ್ ಜೊತೆಗೆ ಎಫ್‌ಎಡಬ್ಲ್ಯು ಟ್ರೋಫಿಗೂ ಹೆಸರು ಕೊಡಬಹುದು. ವೆಲ್ಷ್ ಕಪ್‌ನ ಅರ್ಹತಾ ಸುತ್ತುಗಳೂ ಅವರಿಗೆ ತೆರೆದಿವೆ. ಅಲ್ಲಿ ಕೊನೆಯವರೆಗೆ ಉಳಿದು ಗೆದ್ದರೆ ಯುರೋಪಿನ ಅರ್ಹತಾ ಸುತ್ತಿನಲ್ಲಿ ಆಡುವ ಅವಕಾಶ ಸಿಗುತ್ತದೆ.